ಒಲ್ಲದ ಮನಸ್ಸಿನಿಂದ: ಒಂದು ಪದದ ವಿಚಾರ

ದೇವಾಲಯದ ರಸೀದಿ ಪುಸ್ತಕದಲ್ಲಿ ದಾನಿಗಳ ಹೆಸರು, ಊರು, ದಾನದ ಮೊತ್ತ, ಉದ್ದೇಶ, ದಿನಾಂಕ ಇವಿಷ್ಟನ್ನು ಬರೆಯಲು ಸ್ಥಳವಿರುತ್ತದೆ. ಕೊಟ್ಟವರು ಹೇಗೆ ಕೊಟ್ಟರು ಎಂಬುದನ್ನು ಬರೆಯಲು ಯಾವ ರಸೀದಿಯಲ್ಲಿಯೂ ಸ್ಥಳವಿಲ್ಲ. ಇದು ಇಂದಿನ ಕಾಲದ ಲೋಪವೇನೂ ಅಲ್ಲ. ದಿಂಡಿಗಲ್ ಜಿಲ್ಲೆಯಲ್ಲಿ ಪಳನಿಗೆ ಸಮೀಪದ ಐವರ್ ಮಲೈ ಬೆಟ್ಟದ ಬಂಡೆಯಲ್ಲಿ ತೀರ್ಥಂಕರರ ಉಬ್ಬುಶಿಲ್ಪಗಳಿವೆ. ಅಲ್ಲಿಯ ಒಂದು ಶಾಸನವು ಶಕವರ್ಷ 792ಕ್ಕೆ, ಅಂದರೆ ಕ್ರಿ.ಶ. 870ಕ್ಕೆ ಸೇರಿದ್ದು, ಪಾಂಡ್ಯ ದೊರೆ ಎರಡನೆಯ ವರಗುಣನ ಆಳ್ವಿಕೆಯ ಎಂಟನೆಯ ವರ್ಷ. ಗುಣವೀರರ ಶಿಷ್ಯರಾದ ಶಾಂತಿವೀರರು ಪಾರ್ಶ್ವನಾಥ ಸ್ವಾಮಿಯ ಹಾಗೂ ಯಕ್ಷಿಯರ ಬಿಂಬಗಳನ್ನು ಜೀರ್ಣೋದ್ಧಾರ ಮಾಡಿಸಿ, ನೈವೇದ್ಯಕ್ಕೂ ಒಬ್ಬ ತಪಸ್ವಿಯ ಆಹಾರಕ್ಕೂ 505 ಕಾಣಂ ಚಿನ್ನವನ್ನಿತ್ತರೆಂದು ಅದು ತಿಳಿಸುತ್ತದೆ. ಹೆಸರಿದೆ, ಗುರುಗಳ ಹೆಸರಿದೆ, ಮೊತ್ತವಿದೆ, ಉದ್ದೇಶವಿದೆ. ಅಂತಹ ಗುರುಗಳ ವಿಷಯದಲ್ಲಿ 'ಹೇಗೆ' ಎಂದು ಕೇಳುವ ಅಗತ್ಯವೂ ಬಾರದು. ಸಂಸಾರಿಗಳ ವಿಷಯದಲ್ಲಿ ಮಾತ್ರ ಆ ಪ್ರಶ್ನೆ ಏಳುತ್ತದೆ, ಮತ್ತು ಬಿಡದೆ ಹಿಂಬಾಲಿಸುತ್ತದೆ.

ಕ್ರಿಯೆಯು ಹೇಗೆ ನಡೆಯಿತೆಂದು ತಿಳಿಸುವ ಪದವನ್ನು ವೈಯಾಕರಣರು ಕ್ರಿಯಾವಿಶೇಷಣವೆಂದು ಕರೆದಿದ್ದಾರೆ. 'ನೂರು ರೂಪಾಯಿ ಕೊಟ್ಟನು' ಎಂದರೆ ಒಂದು ಸಂಗತಿ. 'ಒಲ್ಲದ ಮನಸ್ಸಿನಿಂದ ನೂರು ರೂಪಾಯಿ ಕೊಟ್ಟನು' ಎಂದಾಗ ನೂರು ರೂಪಾಯಿ ನೂರೇ ಆಗಿ ಉಳಿಯುತ್ತದೆ. ಕೊಟ್ಟವನು ಮಾತ್ರ ಕೇಳುವವರ ಕಣ್ಣಿನಲ್ಲಿ ಇಳಿದುಬಿಡುತ್ತಾನೆ. ಎರಡೇ ಪದಗಳ ಸೇರ್ಪಡೆಯಿಂದ ಒಂದು ಸತ್ಕಾರ್ಯದ ಬೆಲೆ ಬದಲಾಗುವುದಾದರೆ ಆ ಪದಗಳಲ್ಲಿರುವುದೇನೆಂದು ವಿಚಾರ ಮಾಡುವುದು ಧರ್ಮಬಂಧುಗಳಿಗೆ ಉಚಿತವೇ ಆಗಿದೆ.

ತೇಣಿ, ಕಂಬಂ, ದಿಂಡಿಗಲ್ ಸೀಮೆಯಲ್ಲಿ ಈ ವಿಚಾರಕ್ಕೆ ಒಂದು ಅನುಕೂಲವುಂಟು. ಇದು ಹಲವು ಭಾಷೆಗಳ ನಾಡು. ಕಂಬಂ ಕಣಿವೆಯಲ್ಲಿ ಶತಮಾನಗಳ ಹಿಂದೆಯೇ ಬಂದು ನೆಲೆಸಿದ ಕನ್ನಡ ಮಾತಿನ ಒಕ್ಕಲಿಗರಿದ್ದಾರೆ. ಕನ್ನಡ ಮಾತಾಡುವ ದೇವಾಂಗ ನೇಕಾರರಿದ್ದಾರೆ. ವ್ಯಾಪಾರಕ್ಕಾಗಿ ಬಂದ ಗುಜರಾತಿ, ಮಾರವಾಡಿ ಕುಟುಂಬಗಳಿಗೆ ಬಸದಿ ಅಥವಾ ದೇರಾಸರದಲ್ಲಿ ಒಂದು ಮಾತು, ಮನೆಯಲ್ಲಿ ಒಂದು ಮಾತು, ಅಂಗಡಿಯ ಗಲ್ಲೆಯಲ್ಲಿ ತಮಿಳು. ಆದ್ದರಿಂದ ಒಂದೇ ಭಾವಕ್ಕೆ ಯಾವ ಯಾವ ಭಾಷೆ ಏನೇನು ಹೆಸರಿಟ್ಟಿದೆಯೆಂದು ನೋಡಲು ದೂರ ಹೋಗಬೇಕಾಗಿಲ್ಲ.

ಮೊದಲು ಕನ್ನಡ. 'ಒಲ್' ಎಂಬ ಬೇರಿನಿಂದ ಒಲವು, ಒಲುಮೆ ಎಂಬ ಸವಿಯಾದ ಪದಗಳು ಹುಟ್ಟಿದವು. ಅದೇ ಬೇರಿನ ನಿಷೇಧರೂಪವೇ 'ಒಲ್ಲೆ', 'ಒಲ್ಲದ'. ಆದಕಾರಣ ಒಲ್ಲದ ಮನಸ್ಸೆಂದರೆ ಒಲವು ಇಲ್ಲದ ಮನಸ್ಸು. ಇದೇ ಬೇರು ತಮಿಳಿನಲ್ಲಿಯೂ ಉಂಟು. ಹಳೆಯ ತಮಿಳಿನಲ್ಲಿ 'ಒಲ್ಲಾರ್' ಎಂದರೆ ಒಪ್ಪದವರು, ಅಂದರೆ ಶತ್ರುಗಳು! ಒಲ್ಲದ ಮನಸ್ಸಿನ ಸಂಬಂಧಿಕರು ತಮಿಳು ನಾಡಿನಲ್ಲಿ ಎಲ್ಲಿಗೆ ಹೋಗಿ ಮುಟ್ಟಿದ್ದಾರೆ ನೋಡಬೇಕು. ಇಂದಿನ ತಮಿಳರು ಈ ಭಾವಕ್ಕೆ 'ವೇಂಡಾವೆರುಪ್ಪಾಗ' ಎನ್ನುತ್ತಾರೆ; ಬೇಡ ಎಂಬುದರ ಜೊತೆಗೆ ವೆರುಪ್ಪು, ಅಂದರೆ ಜಿಗುಪ್ಸೆಯನ್ನೂ ಸೇರಿಸಿದ ಖಾರವಾದ ಪದ. ಗುಜರಾತಿಯಲ್ಲಿ 'ಕಮನೆ' ಎಂಬ ಚಿಕ್ಕ ಪದವೂ, 'ಕಚವಾತೆ ಮನೆ' ಎಂದು ಒಳಗೊಳಗೇ ಮುನಿಯುವ ಮನಸ್ಸನ್ನು ತೋರಿಸುವ ಮಾತೂ ಇವೆ. ಹಿಂದಿಯವರು 'ಬೇಮನ್ ಸೇ' ಎನ್ನುತ್ತಾರೆ, ಇಲ್ಲವೇ 'ಮನ್ ಮಾರ್‌ಕರ್' ಎಂದು ಮನಸ್ಸನ್ನು ಕೊಂದೇ ಕೆಲಸ ಮುಗಿಸುತ್ತಾರೆ. ಇಂಗ್ಲಿಷ್ ಶಾಲೆಯ ಮಕ್ಕಳಿಗೆ ಪರಿಚಿತವಾದ 'ರಿಲಕ್ಟೆಂಟ್ಲಿ' ಎಂಬುದರ ಮೂಲದಲ್ಲಿ ಎದುರುಬಿದ್ದು ಹೆಣಗಾಡುವುದೆಂಬ ಅರ್ಥವಿದ್ದರೆ, 'ಗ್ರಜಿಂಗ್ಲಿ' ಎಂಬುದರ ಮೂಲದಲ್ಲಿ ಗೊಣಗುವುದೆಂಬ ಅರ್ಥವಿದೆ.

ಕನ್ನಡದೊಳಗೇ ಇದಕ್ಕೆ ಎಷ್ಟೊಂದು ಬಗೆಗಳು! ಸೊಸೆಯು ಹಬ್ಬದ ದಿನ ಇಪ್ಪತ್ತು ಜನರಿಗೆ ಒಬ್ಬಳೇ ಅಡುಗೆ ಮಾಡಿದಳು, ರುಚಿಯಲ್ಲಿ ಒಂದು ಗುಲಗಂಜಿಯಷ್ಟೂ ಕಡಿಮೆಯಿಲ್ಲ, ಆದರೆ ಒಳಗೆ ಇಷ್ಟವಿರಲಿಲ್ಲ. ಇದು 'ಒಲ್ಲದ ಮನಸ್ಸಿನಿಂದ'. ಅಡುಗೆಯಲ್ಲಿಯೇ ಅರ್ಧ ಗಮನವಿದ್ದು ಸಾರಿಗೆ ಉಪ್ಪು ಮರೆತಿದ್ದರೆ 'ಅರೆಮನಸ್ಸಿನಿಂದ'. ನೋಡುವವರ ಕಣ್ಣಿಗಾಗಿ ಒಲೆಯ ಮುಂದೆ ನಿಂತಿದ್ದರೆ 'ಕಾಟಾಚಾರಕ್ಕೆ'. ಬೇರೆ ದಾರಿಯಿಲ್ಲದಿದ್ದರೆ 'ವಿಧಿಯಿಲ್ಲದೆ'. ನಾದಿನಿ ಬಂದು ಕೈ ಹಿಡಿದು ಕೇಳಿಕೊಂಡದ್ದರಿಂದ ಇಲ್ಲವೆನ್ನಲಾಗದೆ ಮಾಡಿದ್ದರೆ 'ದಾಕ್ಷಿಣ್ಯಕ್ಕೆ'. ಬೇಡವೆನ್ನುವುದಕ್ಕೂ ಮನಸ್ಸಿಲ್ಲ, ಬೇಕೆನ್ನುವುದಕ್ಕೂ ಮನಸ್ಸಿಲ್ಲ ಎಂಬ ಸ್ಥಿತಿಗೆ 'ಮನಸ್ಸಿಲ್ಲದ ಮನಸ್ಸಿನಿಂದ' ಎಂಬ ವಿಚಿತ್ರವಾದ ಮಾತೂ ಉಂಟು. ಇವುಗಳಲ್ಲಿ ಕಾಟಾಚಾರವು ಕೆಲಸವನ್ನೇ ಕೆಡಿಸುತ್ತದೆ. ಒಲ್ಲದ ಮನಸ್ಸು ಕೆಲಸವನ್ನು ಪೂರ್ತಿ ಮಾಡಿ ಮಾಡಿದವರನ್ನು ಕೆಡಿಸುತ್ತದೆ. ಈ ಎರಡನ್ನು ಒಂದೇ ಎಂದು ಎಣಿಸುವ ರೂಢಿ ಸರಿಯಲ್ಲ. ಮನಸ್ಸಿಲ್ಲದಿದ್ದರೂ ಕೆಲಸವನ್ನು ಕೆಡಿಸದವರಲ್ಲಿ ಒಂದು ಪ್ರಾಮಾಣಿಕತೆಯಿದೆ.

ಈ ಪದದ ಬಳಕೆಯಲ್ಲಿ ಇನ್ನೊಂದು ಗಮನಾರ್ಹ ಸಂಗತಿಯಿದೆ. ಯಾರೂ ತಮ್ಮ ವಿಷಯದಲ್ಲಿ ಇದನ್ನು ಸಭೆಯಲ್ಲಿ ಹೇಳಿಕೊಳ್ಳುವುದಿಲ್ಲ. ತಾನು ಮಾಡಿದ್ದು 'ಅನಿವಾರ್ಯದಿಂದ', ನೆರೆಯವನು ಮಾಡಿದ್ದು 'ಒಲ್ಲದ ಮನಸ್ಸಿನಿಂದ'. ತಾನು ಹಿಂಜರಿದದ್ದು 'ಸಂಕೋಚ', ಇನ್ನೊಬ್ಬನದು 'ಜಿಪುಣತನ'. ಹೀಗೆ ಈ ಕ್ರಿಯಾವಿಶೇಷಣವು ಬಹುತೇಕ ಅನ್ಯರ ಮೇಲಿನ ತೀರ್ಪಾಗಿಯೇ ಬಳಕೆಯಾಗುತ್ತದೆ. ಅನ್ಯರ ಮನಸ್ಸು ಯಾರಿಗೂ ಕಾಣದು, ತನ್ನದೊಂದೇ ಕಾಣುವುದು. ಆದರೂ ಕಾಣದ ಮನಸ್ಸಿನ ಬಗ್ಗೆ ಧಾರಾಳವಾಗಿ ಆಡುವ ಮಾತನ್ನು ಕಾಣುವ ಮನಸ್ಸಿನ ಬಗ್ಗೆ ಆಡುವುದಿಲ್ಲ. ಪ್ರತಿಕ್ರಮಣದಲ್ಲಿ ಮಾತ್ರ ಶ್ರಾವಕನು ಇದನ್ನು ಉತ್ತಮಪುರುಷದಲ್ಲಿ, 'ನಾನು' ಎಂದು ಹೇಳಲೇಬೇಕಾಗುತ್ತದೆ.

ವ್ಯಾಪಾರದಲ್ಲಿ ಈ ಪದಕ್ಕೆ ಬೆಲೆಯೇ ಇಲ್ಲ. ಬೋಡಿನಾಯಕನೂರಿನ ಏಲಕ್ಕಿ ಹರಾಜನ್ನು ನೋಡಿದವರಿಗೆ ಇದು ತಿಳಿದಿರುತ್ತದೆ. ಹಿಂದೆ ಕೂಗಿ ನಡೆಯುತ್ತಿದ್ದ ಹರಾಜು ಸ್ಪೈಸಸ್ ಬೋರ್ಡಿನ ವ್ಯವಸ್ಥೆಯಲ್ಲಿ ಕಂಪ್ಯೂಟರಿಗೆ ಬಂದಿದೆ. ಲಾಟಿನ ಮಾದರಿ ಕಾಯಿಗಳನ್ನು ಅಂಗೈಯಲ್ಲಿಟ್ಟು ಬಣ್ಣ, ಗಾತ್ರ, ತೂಕ ನೋಡಿ ಖರೀದಿದಾರನು ಗುಂಡಿ ಒತ್ತುತ್ತಾನೆ. ದೂರದ ಊರಿನ ಗಿರಾಕಿಗೆ ಮಾತು ಕೊಟ್ಟಾಗಿದೆ, ದರ ಏರಿಬಿಟ್ಟಿದೆ, ಕೊಳ್ಳದೆ ಗತ್ಯಂತರವಿಲ್ಲ. ಹಲ್ಲು ಕಚ್ಚಿ ಒತ್ತುತ್ತಾನೆ. ಪಕ್ಕದವನು ಹರ್ಷದಿಂದ ಒತ್ತುತ್ತಾನೆ. ಪರದೆಯ ಮೇಲೆ ಎರಡೂ ಅಂಕೆಗಳೇ. ರೈತನಿಗೆ ಹಣ ಬಂದರೆ ಸಾಕು, ಅವನು ಖರೀದಿದಾರನ ಮುಖ ನೋಡುವುದಿಲ್ಲ. ಅದು ನ್ಯಾಯವೂ ಹೌದು.

ಕಾನೂನು ಸಹ ಇಲ್ಲಿಯವರೆಗೆ ಮಾತ್ರ ಬರುತ್ತದೆ. 1872ರ ಭಾರತೀಯ ಕರಾರು ಅಧಿನಿಯಮವು ಕರಾರಿಗೆ ಸ್ವತಂತ್ರ ಸಮ್ಮತಿ ಬೇಕೆನ್ನುತ್ತದೆ. ಬಲಾತ್ಕಾರ, ಅನುಚಿತ ಪ್ರಭಾವ, ವಂಚನೆ, ತಪ್ಪು ನಿರೂಪಣೆ, ತಪ್ಪು ತಿಳಿವಳಿಕೆ ಈ ಐದರಿಂದ ಪಡೆದ ಸಮ್ಮತಿಯು ಸ್ವತಂತ್ರವಲ್ಲವೆಂದು ಅದರ 14ನೆಯ ಪ್ರಕರಣವು ಹೇಳುತ್ತದೆ. ಈ ಐದರಲ್ಲಿ 'ಒಲ್ಲದ ಮನಸ್ಸು' ಸೇರಿಲ್ಲ. ಮನಸ್ಸಿಲ್ಲದೆ ಸಹಿ ಹಾಕಿದೆನೆಂದು ಯಾವ ನ್ಯಾಯಾಲಯದಲ್ಲಿಯೂ ಕರಾರನ್ನು ಮುರಿಯಲಾಗದು. ತಂದೆತಾಯಿಯರ ಪೋಷಣೆಗಾಗಿ 2007ರಲ್ಲಿ ಬಂದ ಕೇಂದ್ರ ಕಾಯಿದೆಯು ಮಕ್ಕಳಿಂದ ತಿಂಗಳಿಗಿಷ್ಟು ಹಣ ಕೊಡಿಸಬಲ್ಲದು. ನ್ಯಾಯಮಂಡಳಿಯ ಆದೇಶದಂತೆ ಹಣ ಬ್ಯಾಂಕಿಗೆ ಬಂದು ಬೀಳುತ್ತದೆ. ತಾಯಿಗೆ ಔಷಧ ಸಿಗುತ್ತದೆ. ಅದು ಸಣ್ಣ ಲಾಭವಲ್ಲ. ಅದರಾಚೆಗೆ ಏನು ಸಿಗಬೇಕಿತ್ತೋ ಅದನ್ನು ಆದೇಶದಲ್ಲಿ ಬರೆಯಲು ಬರುವುದಿಲ್ಲ.

ಕಾನೂನು ನಿಲ್ಲುವ ಸ್ಥಳದಿಂದ ಶಾಸ್ತ್ರವು ಮುಂದುವರಿಯುತ್ತದೆ. ದಿಗಂಬರ, ಶ್ವೇತಾಂಬರ ಎರಡೂ ಆಮ್ನಾಯಗಳಿಗೆ ಮಾನ್ಯವಾದ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಪ್ರತಿಯೊಂದು ವ್ರತಕ್ಕೂ ಐದೈದು ಅತಿಚಾರಗಳನ್ನು, ಅಂದರೆ ವ್ರತ ಮುರಿಯದಿದ್ದರೂ ಅದಕ್ಕೆ ಮಲಿನತೆ ತರುವ ದೋಷಗಳನ್ನು ಎಣಿಸಲಾಗಿದೆ. ಸಾಮಾಯಿಕದ ಅತಿಚಾರಗಳಲ್ಲಿ 'ಅನಾದರ' ಎಂಬುದೊಂದು. ಪ್ರೋಷಧೋಪವಾಸದ ಅತಿಚಾರಗಳಲ್ಲಿಯೂ ಅದೇ ಅನಾದರ. ಇಂದಿನ ಕನ್ನಡದಲ್ಲಿ ಅನಾದರವೆಂದರೆ ಅಗೌರವ. ಆದರೆ ಸರ್ವಾರ್ಥಸಿದ್ಧಿ ಎಂಬ ವ್ಯಾಖ್ಯಾನದಲ್ಲಿ ಪೂಜ್ಯಪಾದ ಆಚಾರ್ಯರು ಅದಕ್ಕೆ 'ಅನುತ್ಸಾಹ'ವೆಂದು ಅರ್ಥ ಹೇಳಿದ್ದಾರೆ. ಉಪವಾಸ ಮಾಡಿದವನು ಹಸಿವಿನಿಂದ ಬಳಲಿ ತನ್ನ ನಿತ್ಯದ ಆವಶ್ಯಕಗಳನ್ನು ಉತ್ಸಾಹವಿಲ್ಲದೆ ಮಾಡುವುದೇ ಅದು. ಗಡಿಯಾರ ನೋಡುತ್ತ ಕುಳಿತ ಸಾಮಾಯಿಕವನ್ನು ಬಲ್ಲವರಿಗೆ ಬೇರೆ ವಿವರಣೆ ಬೇಡ.

ದಾನದ ವಿಷಯದಲ್ಲಿ ಶಾಸ್ತ್ರವು ಇನ್ನೂ ಸೂಕ್ಷ್ಮವಾಗಿದೆ. ಅತಿಥಿಸಂವಿಭಾಗ ವ್ರತದ ಐದು ಅತಿಚಾರಗಳಲ್ಲಿ 'ಮಾತ್ಸರ್ಯ'ವು ಒಂದು. ಸಾಮಾನ್ಯರು ಇದನ್ನು ಹೊಟ್ಟೆಕಿಚ್ಚೆಂದು ತಿಳಿಯುತ್ತಾರೆ. ಬೇರೆ ದಾನಿಯ ಗುಣವನ್ನು ಸಹಿಸದಿರುವುದೆಂಬ ಅರ್ಥವೂ ಅದಕ್ಕೆ ಉಂಟು. ಆದರೆ ವ್ಯಾಖ್ಯಾನವು ಅದಕ್ಕೂ ಮೊದಲು ಹೇಳುವ ಅರ್ಥ ಬೇರೆ: ಕೊಡುತ್ತಿದ್ದರೂ ಆದರವಿಲ್ಲದಿರುವುದು. ಕೊಡದಿರುವುದು ಇಲ್ಲಿಯ ಚರ್ಚೆಯೇ ಅಲ್ಲ. ಕೈ ಕೊಡುತ್ತಿದೆ, ಮುಖ ಆಚೆ ತಿರುಗಿದೆ. ಸಮಂತಭದ್ರ ಆಚಾರ್ಯರ ರತ್ನಕರಂಡಕ ಶ್ರಾವಕಾಚಾರದಲ್ಲಿಯೂ ವೈಯಾವೃತ್ತ್ಯದ ದೋಷಗಳಲ್ಲಿ ಅನಾದರ, ಮಾತ್ಸರ್ಯ ಎರಡೂ ಸೇರಿವೆ. ದಾತೃವಿನ ಏಳು ಗುಣಗಳನ್ನು ಹೇಳುವಾಗ ಶ್ರದ್ಧೆ, ಭಕ್ತಿ, ಕ್ಷಮೆ ಮೊದಲಾದವುಗಳೊಡನೆ 'ತುಷ್ಟಿ'ಯನ್ನೂ ಹೇಳುತ್ತಾರೆ. ಕೊಡುವಾಗ ಸಂತೋಷವಾಗಬೇಕೆಂಬುದು ದಾನಕ್ಕೆ ಹಚ್ಚುವ ಅಲಂಕಾರವಲ್ಲ, ಅದು ದಾನದ ಅಂಗವೇ ಆಗಿದೆ.

ತಮಿಳು ನಾಡಿನವರು ಇದನ್ನು ಬೇಡುವವನ ಕಡೆಯಿಂದ ನೋಡಿದ್ದಾರೆ. ತಿರುಕ್ಕುರಳಿನಲ್ಲಿ ಈವುದರ ಬಗ್ಗೆ ಒಂದು ಅಧಿಕಾರವಿರುವುದಲ್ಲದೆ, 106 ಮತ್ತು 107ನೆಯ ಅಧಿಕಾರಗಳು ಬೇಡುವುದು ಮತ್ತು ಬೇಡಲು ಅಂಜುವುದರ ಬಗ್ಗೆಯೇ ಇವೆ. ಇದ್ದುದನ್ನು ಮರೆಮಾಚುವ ಮನಸ್ಸಿಗೆ ಅಲ್ಲಿ 'ಕರಪ್ಪು' ಎಂಬ ಪದ ಮತ್ತೆ ಮತ್ತೆ ಬರುತ್ತದೆ. ದಾನಿಯ ಮನಸ್ಸು ದಾನಿಗಿಂತ ಮೊದಲು ಬೇಡಲು ಬಂದವನಿಗೆ ತಿಳಿದುಬಿಡುತ್ತದೆಯೆಂಬುದನ್ನು ವಳ್ಳುವರ್ ಬಲ್ಲವರಾಗಿದ್ದರು.

ಕೊಡುವಾಗ ಸಂತೋಷವಿದ್ದು ಆಮೇಲೆ ಒಲ್ಲದ ಮನಸ್ಸು ಹುಟ್ಟಿದರೆ? ಇದಕ್ಕೆ ಶ್ವೇತಾಂಬರ ಕುಟುಂಬಗಳಲ್ಲಿ ಮನೆಮಾತಾದ ಮಮ್ಮಣ ಶೇಠನ ಕಥೆಯಿದೆ. ಕನ್ನಡ, ತಮಿಳು ಮನೆಗಳಿಗೆ ಅದು ಅಷ್ಟಾಗಿ ಪರಿಚಿತವಲ್ಲದ ಕಾರಣ ಇಲ್ಲಿ ಹೇಳಬೇಕು. ರಾಜಗೃಹದಲ್ಲಿ ಒಂದು ಮಳೆಯ ರಾತ್ರಿ, ಪ್ರವಾಹದ ನದಿಗಿಳಿದು ಕಟ್ಟಿಗೆ ಎಳೆಯುತ್ತಿದ್ದ ಒಬ್ಬ ಬಡವನನ್ನು ಚೆಲ್ಲಣಾ ರಾಣಿ ಅರಮನೆಯಿಂದ ಕಂಡಳು. ಶ್ರೇಣಿಕ ಮಹಾರಾಜನು ಅವನನ್ನು ಕರೆಸಿ ಕೇಳಿದಾಗ, ತನ್ನ ಎತ್ತಿಗೆ ಜೊತೆ ಬೇಕಾಗಿದೆ ಎಂದನು. ರಾಜನ ಕೊಟ್ಟಿಗೆಯ ಯಾವ ಎತ್ತೂ ಅವನಿಗೆ ಒಪ್ಪಿಗೆಯಾಗಲಿಲ್ಲ. ಮನೆಗೆ ಹೋಗಿ ನೋಡಿದರೆ ರತ್ನಖಚಿತವಾದ ಚಿನ್ನದ ಎತ್ತು! ಅಷ್ಟು ಸಂಪತ್ತಿದ್ದವನು ತಾನು ಒಳ್ಳೆಯ ಊಟವನ್ನೂ ಉಣ್ಣುತ್ತಿರಲಿಲ್ಲ. ಭಗವಾನ್ ಮಹಾವೀರರು ಅದರ ಕಾರಣವನ್ನು ತಿಳಿಸಿದರು. ಹಿಂದಿನ ಜನ್ಮದಲ್ಲಿ ಅವನು ಒಬ್ಬ ಮುನಿಗೆ ಲಾಡುವನ್ನು ಭಕ್ತಿಯಿಂದ ನೀಡಿದನು. ಆಮೇಲೆ ಅದರ ರುಚಿ ತಿಳಿದು, ಕೊಟ್ಟುಬಿಟ್ಟೆನಲ್ಲಾ ಎಂದು ಕೊರಗಿ, ಹಿಂದಕ್ಕೆ ಕೇಳಲು ಮುನಿಯ ಬೆನ್ನಟ್ಟಿ ಓಡಿದನು. ಕೊಟ್ಟದ್ದರಿಂದ ಸಂಪತ್ತು ಬಂತು, ಕೊರಗಿದ್ದರಿಂದ ಅದನ್ನು ಅನುಭವಿಸುವ ಯೋಗ ಹೋಯಿತು. ಲೆಕ್ಕ ಎಷ್ಟು ಕಟ್ಟುನಿಟ್ಟಾಗಿದೆಯೆಂದರೆ ಜಮೆಯೂ ಅಳಿಯಲಿಲ್ಲ, ಖರ್ಚೂ ಅಳಿಯಲಿಲ್ಲ. ಎರಡೂ ಒಂದೇ ಪುಟದಲ್ಲಿ ನಿಂತವು.

ಈಗ ಇದರ ಇನ್ನೊಂದು ಮಗ್ಗುಲು. ಒಳ್ಳೆಯ ಕೆಲಸವನ್ನು ಒಲ್ಲದ ಮನಸ್ಸಿನಿಂದ ಮಾಡಿದರೆ ಪುಣ್ಯ ತಗ್ಗುವುದಾದರೆ, ಕೆಟ್ಟ ಕೆಲಸವನ್ನು ಒಲ್ಲದ ಮನಸ್ಸಿನಿಂದ ಮಾಡಿದರೆ ಪಾಪವೂ ತಗ್ಗಬೇಕಲ್ಲವೇ? ವ್ಯಾಪಾರಸ್ಥರಿಗೆ ಈ ಪ್ರಶ್ನೆ ಬಹಳ ಹತ್ತಿರದ್ದು. 'ಎಲ್ಲರೂ ಮಾಡುತ್ತಾರೆ, ವಿಧಿಯಿಲ್ಲದೆ ಮಾಡಬೇಕಾಗಿದೆ' ಎಂಬ ಮಾತು ಎಲ್ಲ ಪೇಟೆಗಳಲ್ಲಿಯೂ ಕೇಳಿಬರುತ್ತದೆ. ಮಾಸಿದ ಏಲಕ್ಕಿಗೆ ಹಸಿರು ಬಣ್ಣ ಹಾಕುವವನಿಗೂ ಅದೇ ಸಮಾಧಾನ.

ಇದಕ್ಕೆ ಯಶೋಧರನ ಕಥೆಗಿಂತ ಉತ್ತಮವಾದ ಉತ್ತರವಿಲ್ಲ. ಸೋಮದೇವ ಸೂರಿಗಳು 959ರಲ್ಲಿ ಸಂಸ್ಕೃತದ ಯಶಸ್ತಿಲಕದಲ್ಲಿ, ಜನ್ನ ಕವಿಯು 1209ರಲ್ಲಿ ಕನ್ನಡದ ಯಶೋಧರ ಚರಿತೆಯಲ್ಲಿ ಹೇಳಿದ ಕಥೆ ಅದು; ತಮಿಳಿನಲ್ಲಿ ಯಶೋಧರ ಕಾವಿಯಂ ಎಂದು ಐದು ಕಿರುಕಾವ್ಯಗಳಲ್ಲೊಂದಾಗಿದೆ. ಬಹುಶಃ ಜೈನರು ಮಾತಾಡುವ ಎಲ್ಲ ಭಾಷೆಗಳೂ ಇದನ್ನು ಬಲ್ಲವು. ರಾಜ ಯಶೋಧರನಿಗೆ ಪ್ರಾಣಿಬಲಿ ಬೇಡ. ತಾಯಿ ಚಂದ್ರಮತಿಗೆ ಬೇಕು. ಮಗನು ಒಪ್ಪದಿರಲು, ಹಿಟ್ಟಿನ ಕೋಳಿಯನ್ನಾದರೂ ಕಡಿಯೆಂದು ಅವಳು ಒತ್ತಾಯಿಸಿದಳು. ಹೆತ್ತವಳ ಮಾತನ್ನು ಮೀರಲಾರದೆ ಅವನು ಒಪ್ಪಿದನು. ಒಲ್ಲದ ಮನಸ್ಸಿಗೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕೇ? ಕತ್ತಿಯ ಕೆಳಗಿದ್ದದ್ದು ಜೀವವೂ ಅಲ್ಲ, ಹಿಟ್ಟು. ಆದರೂ ತಾಯಿ ಮಗ ಇಬ್ಬರೂ ನವಿಲು, ನಾಯಿ ಮೊದಲಾಗಿ ಎಷ್ಟೋ ತಿರ್ಯಗ್ಜನ್ಮಗಳಲ್ಲಿ ತೊಳಲಬೇಕಾಯಿತು.

ಓದುವಾಗ ಇದು ಕ್ರೂರವೆನ್ನಿಸುವುದುಂಟು. ತಾಯಿಗೆ ವಿಧೇಯನಾದವನಿಗೆ ಇಷ್ಟು ಶಿಕ್ಷೆಯೇ ಎಂದು ಮಕ್ಕಳು ಕೇಳುತ್ತಾರೆ, ಕೇಳುವುದು ತಪ್ಪಲ್ಲ. ಆದರೆ ಕತ್ತಿ ಎತ್ತುವಾಗ ಅವನ ಮನಸ್ಸಿನಲ್ಲಿದ್ದ ಸಂಕಲ್ಪವು ಕೋಳಿಯನ್ನು ಕಡಿಯುವ ಸಂಕಲ್ಪವೇ ಆಗಿತ್ತು. ಒಲ್ಲದಿರುವಿಕೆ ಅದರ ಪಕ್ಕದಲ್ಲಿ ನಿಂತಿತ್ತೇ ಹೊರತು ಅದನ್ನು ತಡೆಯಲಿಲ್ಲ. ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯದಲ್ಲಿ ಕರ್ಮಾಸ್ರವವು ಭಾವದ ತೀವ್ರತೆ ಅಥವಾ ಮಂದತೆ, ತಿಳಿದು ಮಾಡಿದ್ದೋ ತಿಳಿಯದೆ ಮಾಡಿದ್ದೋ ಎಂಬುದು, ಮುಂತಾದವುಗಳಿಂದ ಹೆಚ್ಚುಕಡಿಮೆಯಾಗುತ್ತದೆಂದು ಹೇಳಿದೆ. ಒಲ್ಲದ ಮನಸ್ಸು ಕೆಡುಕನ್ನು ಮಂದಗೊಳಿಸೀತು. ಒಳಿತನ್ನೂ ಮಂದಗೊಳಿಸೀತು. ಎರಡರಲ್ಲಿ ಯಾವುದನ್ನೂ ಇಲ್ಲವಾಗಿಸದು. ತಕ್ಕಡಿಯ ಎರಡು ತಟ್ಟೆಗೂ ಒಂದೇ ಕಲ್ಲು. ಬಣ್ಣ ಹಾಕಿದ ಏಲಕ್ಕಿಯನ್ನು ಅರಿಯದೆ ಪಾಯಸಕ್ಕೆ ಹಾಕಿಕೊಳ್ಳುವ ಮನೆಯವರಿಗೆ ವ್ಯಾಪಾರಿಯು ಮನಸ್ಸಿಲ್ಲದೆ ಹಾಕಿದನೆಂಬ ಸಮಾಧಾನವು ತಲುಪುವುದೂ ಇಲ್ಲ.

ಹಾಗಾದರೆ ಮನಸ್ಸು ಪೂರ್ತಿ ಬರುವವರೆಗೆ ಒಳ್ಳೆಯ ಕೆಲಸವನ್ನು ಮುಂದೂಡಬೇಕೇ? ಸೋಮಾರಿಗಳಿಗೆ ಇದು ಬಹಳ ಹಿತವಾದ ತೀರ್ಮಾನ. ಶಾಸ್ತ್ರವು ಅದಕ್ಕೆ ಅವಕಾಶ ಕೊಟ್ಟಿಲ್ಲ. ಅದೇ ಆರನೆಯ ಅಧ್ಯಾಯದಲ್ಲಿ ದೇವಗತಿಯ ಆಯುಷ್ಯಕ್ಕೆ ಕಾರಣಗಳನ್ನು ಹೇಳುವಾಗ 'ಅಕಾಮ ನಿರ್ಜರೆ'ಯನ್ನೂ ಸೇರಿಸಲಾಗಿದೆ. ಅಕಾಮವೆಂದರೆ ಇಚ್ಛೆಯಿಲ್ಲದೆ. ಸೆರೆಮನೆಯಲ್ಲಿ ಕಟ್ಟಿಹಾಕಲ್ಪಟ್ಟವನು ಹಸಿವು, ನೀರಡಿಕೆ, ನೆಲದ ಮೇಲಿನ ಮಲಗುವಿಕೆ, ಮೈಯ ಕೊಳೆ ಇವನ್ನೆಲ್ಲ ಬಯಸದೆಯೇ ಸಹಿಸಬೇಕಾಗುತ್ತದೆ. ಆ ಸಹನೆಯಿಂದಲೂ ಸ್ವಲ್ಪ ಕರ್ಮ ಉದುರುತ್ತದೆಂದು ವ್ಯಾಖ್ಯಾನಕಾರರು ವಿವರಿಸಿದ್ದಾರೆ. ಮುನಿಯು ಇಚ್ಛೆಯಿಂದ ಸಹಿಸುವ ಪರೀಷಹಕ್ಕೂ ಇದಕ್ಕೂ ಅಜಗಜಾಂತರವಿದೆ. ಮೋಕ್ಷಮಾರ್ಗದಲ್ಲಿ ಇದು ಒಯ್ಯುವುದಿಲ್ಲ. ಆದರೆ ಶೂನ್ಯವಂತೂ ಅಲ್ಲ. ಒಲ್ಲದ ಮನಸ್ಸಿನ ಬಗ್ಗೆ ಇಷ್ಟು ಕಠಿಣವಾಗಿ ಮಾತಾಡುವ ಅದೇ ಗ್ರಂಥವು ಸೆರೆಯಾಳಿನ ಹಸಿವನ್ನೂ ಲೆಕ್ಕಕ್ಕೆ ತೆಗೆದುಕೊಂಡಿರುವುದು ಅದರ ಕರುಣೆಯನ್ನು ತೋರಿಸುತ್ತದೆ.

ಪರ್ಯೂಷಣದಲ್ಲಿ, ದಶಲಕ್ಷಣದಲ್ಲಿ ಮಕ್ಕಳಿಂದ ಮೊದಲ ಉಪವಾಸ ಮಾಡಿಸುವ ತಂದೆತಾಯಿಯರು ಇದನ್ನು ನೆನೆಯಬಹುದು. ಹತ್ತು ವರ್ಷದ ಹುಡುಗನು ಅಜ್ಜಿಯ ಒತ್ತಾಯಕ್ಕೆ, ಗೆಳೆಯರ ಮುಂದಿನ ಮಾನಕ್ಕೆ ಉಪವಾಸ ಕೂರುತ್ತಾನೆ. ಮಧ್ಯಾಹ್ನ ಮೂರು ಗಂಟೆಗೆ ಅಡುಗೆಮನೆಯ ಬಾಗಿಲಲ್ಲಿ ಸುಳಿಯುತ್ತಾನೆ. ಅವನನ್ನು ಗದರಿಸಿ ಕೂರಿಸಿದರೆ ಉಪವಾಸ ಪೂರ್ತಿಯಾಗಬಹುದು, ಆದರೆ ಮುಂದಿನ ವರ್ಷ ಆ ಬಾಗಿಲೂ ಉಪವಾಸವೂ ಒಂದೇ ನೆನಪಾಗಿ ಉಳಿಯುತ್ತವೆ. ಅನೇಕ ಹಿರಿಯ ಶ್ರಾವಿಕೆಯರು ಇಂತಹ ಸಮಯದಲ್ಲಿ ಒಂದು ಹೊತ್ತಿನ ಏಕಾಶನ ಸಾಕೆಂದು ಹೇಳಿ ಮಗುವಿಗೆ ಉಣ್ಣಿಸುವುದುಂಟು. ಅವರೇ ಬಲ್ಲವರು. ಅಭ್ಯಾಸವು ಒಲ್ಲದ ಮನಸ್ಸಿನಿಂದ ಆರಂಭವಾಗಬಹುದು, ಎಲ್ಲ ಅಭ್ಯಾಸಗಳೂ ಹೆಚ್ಚುಕಡಿಮೆ ಹಾಗೆಯೇ ಆರಂಭವಾಗುತ್ತವೆ. ಅಲ್ಲಿಯೇ ನಿಲ್ಲುವಂತೆ ಮಾಡುವುದು ಒತ್ತಾಯದ ಕೆಲಸ.

ಉತ್ಸವದ ದಿನಗಳಲ್ಲಿ ಕಲಶಾಭಿಷೇಕದ ಸವಾಲು, ಬೋಲಿ, ಚಢಾವಾ ಎಂದು ಬೇರೆ ಬೇರೆ ಹೆಸರಿನಿಂದ ನಡೆಯುವ ಪದ್ಧತಿಯನ್ನೂ ಇಲ್ಲಿ ಒಂದು ಮಾತಿನಲ್ಲಿ ನೆನೆಯಬೇಕು. ಸಭೆಯ ಚಪ್ಪಾಳೆಗೆ, ಬೀಗರ ಎದುರಿನ ಮಾನಕ್ಕೆ ಸವಾಲು ಏರುತ್ತದೆ. ಘೋಷಿಸಿದ ಮೊತ್ತವನ್ನು ಪಡೆಯಲು ಆರು ತಿಂಗಳ ಮೇಲೆ ಲೆಕ್ಕಪತ್ರದವರು ಮೂರು ಬಾರಿ ಅಂಗಡಿಗೆ ಹೋಗಬೇಕಾಗುವುದೂ ಉಂಟು. ಆಗ ಬರುವ ಹಣದಲ್ಲಿ ದೇವರ ಕಾರ್ಯ ನಡೆಯುತ್ತದೆ, ಅದಕ್ಕೆ ಅಡ್ಡಿಯಿಲ್ಲ. ಆದರೆ ಏಲಕ್ಕಿ ಹರಾಜಿನ ಕಟ್ಟಡದಲ್ಲಿ ಕೇಳಬಾರದ ಪ್ರಶ್ನೆಯನ್ನು ದೇವಾಲಯದ ಮಂಟಪದಲ್ಲಿ ಕೇಳದೆ ಇರಬಾರದು. ಸವಾಲು ಕೂಗುವವರು ಮೂರನೆಯ ಸಾರಿ ಕೂಗುವ ಮುನ್ನ ಸ್ವಲ್ಪ ನಿಧಾನಿಸಿದರೆ ಆದಾಯ ತಗ್ಗೀತೆಂಬ ಭಯವಿದ್ದರೆ, ತಗ್ಗಲಿ.

ಎಲ್ಲಕ್ಕಿಂತ ಕಠಿಣವಾದ ಸಂದರ್ಭವೊಂದು ಉಳಿಯಿತು. ಮನೆಯಲ್ಲಿ ಹಾಸಿಗೆ ಹಿಡಿದ ಹಿರಿಯರಿದ್ದಾರೆಂದು ಭಾವಿಸೋಣ. ಹೊತ್ತಿಗೆ ಸರಿಯಾಗಿ ಗಂಜಿ ಬರುತ್ತದೆ, ಮಾತ್ರೆ ಬರುತ್ತದೆ, ಬಟ್ಟೆ ಬದಲಾಗುತ್ತದೆ. ಯಾರೂ ಕೆಟ್ಟ ಮಾತಾಡಿಲ್ಲ. ಆದರೆ ಲೋಟವನ್ನು ಇಡುವ ಸದ್ದು ಸ್ವಲ್ಪ ಜೋರಾಗಿರುತ್ತದೆ. ಬಂದವರು ನಿಂತೇ ಇರುತ್ತಾರೆ, ಕೂರುವುದಿಲ್ಲ. ವೈಯಾವೃತ್ತ್ಯದ ದೋಷಗಳಲ್ಲಿ ಅನಾದರವನ್ನು ಹೇಳಿದ ಆಚಾರ್ಯರು ಮುನಿಗಳ ಸೇವೆಯನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದರೂ, ಅದು ಈ ಕೋಣೆಗೂ ಸಲ್ಲುತ್ತದೆ. ವರ್ಷಗಟ್ಟಲೆ ಸೇವೆ ಮಾಡಿ ಸೋತವರನ್ನು ದೂರುವುದು ನ್ಯಾಯವಲ್ಲ. ಹೆಚ್ಚಾಗಿ ಅದು ಒಬ್ಬಳೇ ಸೊಸೆಯ ಅಥವಾ ಒಬ್ಬಳೇ ಮಗಳ ಪಾಲಿಗೆ ಬಂದ ಕೆಲಸ. ಒಲ್ಲದ ಮನಸ್ಸು ಅವಳ ದೋಷವೋ, ಕೈ ಜೋಡಿಸದ ಉಳಿದವರ ದೋಷವೋ ಎಂಬುದನ್ನು ಆ ಮನೆಯ ಗಂಡಸರೇ ಮೊದಲು ಕೇಳಿಕೊಳ್ಳಬೇಕು.

ಒಂದು ದಿನ ಆ ಹಿರಿಯರು ಗಂಜಿಯ ಲೋಟವನ್ನು ಕೈಯಿಂದ ಸರಿಸಿ 'ಒಲ್ಲೆ' ಎನ್ನುತ್ತಾರೆ. ಜೈನರ ಮನೆಯಲ್ಲಿ ಈ ಒಂದು ಮಾತಿಗೆ ಬೇರೆ ಮನೆಗಳಲ್ಲಿಲ್ಲದ ತೂಕವುಂಟು. ಸಲ್ಲೇಖನವು ಏಳನೆಯ ಶತಮಾನದಿಂದ ಶ್ರವಣಬೆಳಗೊಳದ ಚಂದ್ರಗಿರಿಯ ಬಂಡೆಗಳ ಮೇಲೆ ಕೆತ್ತಿಸಲ್ಪಟ್ಟ ಮಹಾವ್ರತ. 2015ರ ಆಗಸ್ಟ್ ತಿಂಗಳಲ್ಲಿ ರಾಜಸ್ಥಾನ ಉಚ್ಚ ನ್ಯಾಯಾಲಯವು ಸಂಥಾರಾ ಎಂಬ ಹೆಸರಿನ ಇದೇ ವ್ರತವನ್ನು ಆತ್ಮಹತ್ಯೆಗೆ ಸಮಾನವೆಂದು ತೀರ್ಪಿತ್ತಾಗ ಸಮಾಜವೆಲ್ಲ ಬೀದಿಗೆ ಬಂದಿತು. ಅದೇ ತಿಂಗಳ 31ರಂದು ಸರ್ವೋಚ್ಚ ನ್ಯಾಯಾಲಯವು ಆ ತೀರ್ಪಿಗೆ ತಡೆಯಾಜ್ಞೆ ನೀಡಿತು. ಅಂದು ಸಮಾಜವು ಮುಂದಿಟ್ಟ ಮುಖ್ಯವಾದ ಮಾತು, ಇದು ಸ್ವಂತ ಇಚ್ಛೆಯಿಂದ ಕೈಗೊಳ್ಳುವ ವ್ರತ ಎಂಬುದು. ಆ ಮಾತು ಸತ್ಯ. ಅದು ಪ್ರತಿಯೊಂದು ಮನೆಯಲ್ಲಿಯೂ ಸತ್ಯವಾಗಿ ಉಳಿಯುವಂತೆ ನೋಡಿಕೊಳ್ಳುವ ಹೊಣೆಯೂ ಅದರ ಜೊತೆಗೇ ಬಂದಿದೆ.

ಸಲ್ಲೇಖನವನ್ನು ಹೇಳುವ ಸೂತ್ರದಲ್ಲಿ ಸೂತ್ರಕಾರರು ಸೇವಿಸುವುದೆಂಬ ಸಾಮಾನ್ಯ ಅರ್ಥದ ಪದವನ್ನು ಬಿಟ್ಟು 'ಜೋಷಿತಾ' ಎಂಬ ಪದವನ್ನೇ ಏಕೆ ಬಳಸಿದರೆಂದು ಪೂಜ್ಯಪಾದರು ಪ್ರಶ್ನಿಸಿಕೊಂಡಿದ್ದಾರೆ. ಅವರು ಕೊಡುವ ಉತ್ತರ: ಆ ಪದದಲ್ಲಿ ಸೇವನೆಯ ಜೊತೆಗೆ ಪ್ರೀತಿಯ ಅರ್ಥವೂ ಸೇರಿದೆ; ಪ್ರೀತಿಯಿಲ್ಲದವನಿಂದ ಸಲ್ಲೇಖನವನ್ನು ಬಲವಂತದಿಂದ ಮಾಡಿಸಲಾಗದು. ಶತಮಾನಗಳ ಹಿಂದೆಯೇ ಒಬ್ಬ ಆಚಾರ್ಯರು ಒಂದೇ ಒಂದು ಪದದ ಮೇಲೆ ಇಡೀ ವ್ರತದ ಪ್ರಾಮಾಣ್ಯವನ್ನು ನಿಲ್ಲಿಸಿದರು. ಬೇಗ ಸಾವು ಬರಲೆಂದು ಬಯಸುವ 'ಮರಣಾಶಂಸೆ'ಯು ಆ ವ್ರತದ ಅತಿಚಾರಗಳಲ್ಲೊಂದು ಎಂಬುದನ್ನು ಇದರೊಡನೆ ಸೇರಿಸಿ ಓದಬೇಕು. ವ್ರತಕ್ಕೆ ಮೊದಲು ಸ್ನೇಹ, ವೈರಗಳನ್ನು ಬಿಟ್ಟು, ಬಂಧುಗಳನ್ನು ಕ್ಷಮಿಸಿ, ಅವರಿಂದ ಪ್ರಿಯವಚನಗಳಿಂದ ಕ್ಷಮೆ ಪಡೆಯಬೇಕೆಂದು ರತ್ನಕರಂಡಕವು ವಿಧಿಸಿದೆ. ಬಡಿಸುವವರ ಒಲ್ಲದ ಮನಸ್ಸಿನಿಂದ ನೊಂದು ಲೋಟ ಸರಿಸಿದವರಲ್ಲಿ ಆ ಪ್ರೀತಿ ಇರುವುದಿಲ್ಲ, ಆ ಕ್ಷಮೆಯೂ ಆಗಿರುವುದಿಲ್ಲ. ಅವರು ಹೇಳಿದ್ದು ವ್ರತದ ಮಾತಲ್ಲ, ದುಃಖದ ಮಾತು.

ಕಷ್ಟವೇನೆಂದರೆ ಎರಡಕ್ಕೂ ಬಾಯಿಂದ ಬರುವ ಪದ ಒಂದೇ. ಕನ್ನಡದ ಅಜ್ಜಿ 'ಒಲ್ಲೆ' ಎನ್ನುತ್ತಾಳೆ, ತಮಿಳಿನ ಪಾಟಿ 'ವೇಂಡಾಂ' ಎನ್ನುತ್ತಾಳೆ, ಗುಜರಾತಿನ ಬಾ 'ನಥೀ ಜೋಯ್ತುಂ' ಎನ್ನುತ್ತಾರೆ. ತೃಪ್ತಿಯಿಂದ ಬಂದದ್ದೋ, ನೋವಿನಿಂದ ಬಂದದ್ದೋ ಎಂದು ಪದವು ತಾನಾಗಿ ಹೇಳುವುದಿಲ್ಲ. ಅದನ್ನು ತಿಳಿಯಬೇಕಾದರೆ ಗುರುಗಳನ್ನೂ ವೈದ್ಯರನ್ನೂ ಕರೆಸುವ ಮೊದಲು ಮನೆಯವರಲ್ಲಿ ಒಬ್ಬರು ಲೋಟವನ್ನು ಬದಿಗಿಟ್ಟು, ಹಾಸಿಗೆಯ ಅಂಚಿನಲ್ಲಿ ಕುಳಿತು, ಏಕೆಂದು ಕೇಳಬೇಕಾಗುತ್ತದೆ. ಮೊದಲ ಉತ್ತರ 'ಏನಿಲ್ಲ' ಎಂದು ಬಂದರೆ ಎದ್ದುಹೋಗದೆ ಇನ್ನೊಮ್ಮೆ ಕೇಳಬೇಕಾಗುತ್ತದೆ.